ಬೊಜ್ಜಿರುವವರ ಫ್ಯಾಟಿ ಲಿವರ್: ಯಾವ ರಕ್ತಪರೀಕ್ಷೆಯನ್ನು ನಂಬಬೇಕು?

ಫ್ಯಾಟಿ ಲಿವರ್ ಪತ್ತೆಗೆ ಬಳಸುವ ರಕ್ತಪರೀಕ್ಷೆಗಳಿಗೂ ಅಂಕಗಳಿಗೂ ಕೊರತೆಯಿಲ್ಲ. ಫಿಬ್-4, ಎಪಿಆರ್‌ಐ, ಎನ್‌ಎಫ್‌ಎಸ್, ಬಾರ್ಡ್, ಎಫ್‌ಎಲ್‌ಐ, ಎಚ್‌ಎಸ್‌ಐ, ಇಎಲ್‌ಎಫ್, ಪ್ರೊ-ಸಿ3, ಸಿಕೆ-18 ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸಾಧಾರಣ ತೂಕದವರಿಗೆ ಇವುಗಳಲ್ಲಿ ಯಾವುದನ್ನು ಬಳಸಿದರೂ ಒಂದಿಷ್ಟು ಮಾಹಿತಿ ಸಿಗುತ್ತದೆ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 35, 40 ದಾಟಿದವರ ವಿಷಯ ಬೇರೆ. ಈ ಸೂತ್ರಗಳಲ್ಲಿ ಸುಮಾರು ಅರ್ಧದೊಳಗೆ ದೇಹದ ತೂಕವೇ ಒಂದು ಅಂಶವಾಗಿ ಸೇರಿಕೊಂಡಿದೆ. ಹಾಗಾಗಿ ಲಿವರ್ ಹೇಗಿದೆ ಎಂದು ಕೇಳಿದರೆ, ನೀವು ದಪ್ಪಗಿದ್ದೀರಿ ಎಂಬ ಉತ್ತರ ಬರುತ್ತದೆ. ಮಳೆಯಲ್ಲಿ ನಿಂತವನಿಗೆ ನೆಲ ಒದ್ದೆಯಾಗಿದೆ ಎಂದು ವರದಿ ಕೊಟ್ಟಂತೆ.

ಈ ಪರೀಕ್ಷೆಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಅದನ್ನೇ: ಸೂತ್ರದಲ್ಲಿ ತೂಕ ಇದೆಯೇ, ಇಲ್ಲವೇ? ಎರಡನೆಯದು, ಆ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ?

ಹೆಸರುಗಳ ಬಗ್ಗೆ ಒಂದೇ ಮಾತು. ಎನ್‌ಎಎಫ್‌ಎಲ್‌ಡಿ ಎಂದು ಕರೆಯುತ್ತಿದ್ದ ಕಾಯಿಲೆಗೆ 2023ರಿಂದ ಎಂಎಎಸ್‌ಎಲ್‌ಡಿ ಎಂಬ ಹೆಸರು ಬಂದಿದೆ. ಅದರ ಉರಿಯೂತದ ರೂಪವಾದ ನ್ಯಾಶ್ ಈಗ ಮ್ಯಾಶ್ ಆಗಿದೆ. ಹಳೆಯ ವರದಿಯಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ.

ಮೂರು ಬೇರೆ ಬೇರೆ ಪ್ರಶ್ನೆಗಳು

ಲಿವರಿನ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಸೇರಿದ್ದರೆ ಅದು ಫ್ಯಾಟಿ ಲಿವರ್. ಅಂಥವರಲ್ಲಿ ಕೆಲವರಿಗೆ ಉರಿಯೂತ ಶುರುವಾಗುತ್ತದೆ, ಜೀವಕೋಶಗಳು ಊದಿಕೊಂಡು ಸಾಯುತ್ತವೆ. ಅವರಲ್ಲೂ ಕೆಲವರಿಗೆ ಸತ್ತ ಜೀವಕೋಶಗಳ ಜಾಗದಲ್ಲಿ ನಾರಿನ ಕಲೆ, ಅಂದರೆ ಫೈಬ್ರೋಸಿಸ್, ಬೆಳೆಯುತ್ತದೆ. ಈ ಕಲೆಯನ್ನು ಎಫ್0ಯಿಂದ ಎಫ್4ರವರೆಗೆ ಹಂತಗಳಾಗಿ ಗುರುತಿಸುತ್ತಾರೆ. ಎಫ್3 ಎಂದರೆ ಮುಂದುವರಿದ ಹಂತ, ಎಫ್4 ಎಂದರೆ ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆ ಹರಡಿ ಗಟ್ಟಿಯಾದ ಸ್ಥಿತಿ.

ಕೊಬ್ಬು ಇದೆಯೇ, ಉರಿಯೂತ ಇದೆಯೇ, ಕಲೆ ಎಷ್ಟಿದೆ ಎಂಬ ಈ ಮೂರು ಪ್ರಶ್ನೆಗಳಲ್ಲಿ ಮೂರನೆಯದಕ್ಕೇ ಹೆಚ್ಚು ತೂಕ. ಮುಂದೆ ಲಿವರ್ ವೈಫಲ್ಯವಾಗುತ್ತದೆಯೇ, ಆಯುಷ್ಯ ಕಡಿಮೆಯಾಗುತ್ತದೆಯೇ ಎಂಬುದನ್ನು ಕೊಬ್ಬಿನ ಪ್ರಮಾಣಕ್ಕಿಂತ ಕಲೆಯ ಹಂತವೇ ಚೆನ್ನಾಗಿ ಮುನ್ಸೂಚಿಸುತ್ತದೆ. ಔಷಧದ ನಿರ್ಧಾರವೂ ಅದರ ಮೇಲೆಯೇ ನಿಂತಿದೆ. ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ರೆಸ್ಮೆಟಿರೋಮ್‌ಗೂ 2025ರಲ್ಲಿ ಸೆಮಾಗ್ಲುಟೈಡ್‌ಗೂ ಒಪ್ಪಿಗೆ ಕೊಟ್ಟಿದ್ದು ಮಧ್ಯಮದಿಂದ ಮುಂದುವರಿದ ಫೈಬ್ರೋಸಿಸ್ ಇರುವ, ಆದರೆ ಸಿರೋಸಿಸ್ ತಲುಪದ ಮ್ಯಾಶ್ ರೋಗಿಗಳಿಗೆ. ಹಂತ ಗೊತ್ತಿಲ್ಲದೆ ಈ ಮಾತ್ರೆ, ಚುಚ್ಚುಮದ್ದುಗಳ ಚರ್ಚೆಗೆ ಅರ್ಥವಿಲ್ಲ.

ಲಿವರಿನ ಜೀವಕೋಶಗಳಿಗೆ ಏಟಾದಾಗ ರಕ್ತಕ್ಕೆ ಸೋರುವ ಎಎಲ್‌ಟಿ ಎಂಬ ಕಿಣ್ವ ಸಹಜವಾಗಿದೆ, ಹಾಗಾದರೆ ಲಿವರ್ ಚೆನ್ನಾಗಿದೆ ಎಂದುಕೊಳ್ಳುವ ಅಭ್ಯಾಸ ಬಹಳ ವ್ಯಾಪಕ. ಇದು ತಪ್ಪು. ಎಎಲ್‌ಟಿ ಸಹಜವಾಗಿರುವಾಗಲೇ ಫೈಬ್ರೋಸಿಸ್ ಮುಂದುವರಿದಿರಬಹುದು; ಸಿರೋಸಿಸ್ ಹಂತದಲ್ಲಂತೂ ಕಿಣ್ವಗಳು ಇಳಿಯುವುದೂ ಉಂಟು. ಮೇಲಾಗಿ ಅನೇಕ ಪ್ರಯೋಗಾಲಯಗಳು 40 ಅಥವಾ 50 ಯೂನಿಟ್‌ವರೆಗೂ ಸಹಜ ಎಂದು ಮುದ್ರಿಸುತ್ತವೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2017ರಲ್ಲಿ ಸೂಚಿಸಿದ ಮೇಲ್ಮಿತಿ ಗಂಡಸರಿಗೆ 33, ಹೆಂಗಸರಿಗೆ 25.

ತೂಕವನ್ನೇ ಎಣಿಸುವ ಸೂತ್ರಗಳು

ಮೊದಲ ಪ್ರಶ್ನೆಗೆ, ಅಂದರೆ ಕೊಬ್ಬು ಇದೆಯೇ ಎಂಬುದಕ್ಕೆ, ಹೆಚ್ಚು ಬಳಕೆಯಲ್ಲಿರುವುದು ಎಫ್‌ಎಲ್‌ಐ, ಅಂದರೆ ಫ್ಯಾಟಿ ಲಿವರ್ ಇಂಡೆಕ್ಸ್. 2006ರಲ್ಲಿ ಪ್ರಕಟವಾದ ಈ ಸೂತ್ರ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು, ಜಿಜಿಟಿ ಕಿಣ್ವ, ಬಿಎಂಐ, ಸೊಂಟದ ಸುತ್ತಳತೆ ಈ ನಾಲ್ಕನ್ನು ಸೇರಿಸಿ 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತದೆ. 30ಕ್ಕಿಂತ ಕಡಿಮೆಯಾದರೆ ಕೊಬ್ಬು ಇರಲಾರದು, 60 ಮುಟ್ಟಿದರೆ ಇರಬಹುದು. ಈಗ ಬಿಎಂಐ 38, ಸೊಂಟ 115 ಸೆಂಟಿಮೀಟರ್ ಇರುವ ಒಬ್ಬರನ್ನು ತೆಗೆದುಕೊಳ್ಳೋಣ. ಅವರ ಟ್ರೈಗ್ಲಿಸರೈಡ್ 100, ಜಿಜಿಟಿ 20. ರಕ್ತದಲ್ಲಿ ದೂರಲು ಏನೂ ಇಲ್ಲ. ಆದರೂ ಸೂತ್ರ ಕೊಡುವ ಅಂಕ ಸುಮಾರು 90. ರಕ್ತ ತೆಗೆದದ್ದೇ ವ್ಯರ್ಥ. ಟೇಪು ಮತ್ತು ತಕ್ಕಡಿ ಸಾಕಾಗಿತ್ತು.

ಎಚ್‌ಎಸ್‌ಐ ಇನ್ನೂ ಸರಳ. ಎಎಲ್‌ಟಿಯನ್ನು ಅದರಂಥದೇ ಇನ್ನೊಂದು ಕಿಣ್ವವಾದ ಎಎಸ್‌ಟಿಯಿಂದ ಭಾಗಿಸಿ, ಎಂಟರಿಂದ ಗುಣಿಸಿ, ಅದಕ್ಕೆ ಬಿಎಂಐ ಕೂಡಿಸಬೇಕು. ಹೆಣ್ಣಾದರೆ 2, ಮಧುಮೇಹವಿದ್ದರೆ ಇನ್ನೊಂದು 2. ಮೊತ್ತ 36 ದಾಟಿದರೆ ಫ್ಯಾಟಿ ಲಿವರ್. ಬಿಎಂಐ ಒಂದೇ 36 ಇದ್ದವರಿಗೆ ಈ ಪರೀಕ್ಷೆಯಲ್ಲಿ ‘ಇಲ್ಲ’ ಎಂಬ ಉತ್ತರ ಬರುವ ದಾರಿಯೇ ಇಲ್ಲ.

ಊರಿನವರೆಲ್ಲರ ಸಮೀಕ್ಷೆ ಮಾಡುವ ಸಂಶೋಧಕರಿಗೆ ಈ ಎರಡೂ ಉಪಯುಕ್ತ. ಬೊಜ್ಜಿರುವ ಒಬ್ಬ ವ್ಯಕ್ತಿಗೆ ಇವನ್ನು ಮಾಡಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಬೊಜ್ಜು ತೀವ್ರವಾಗಿದ್ದವರಲ್ಲಿ ಬಹುಪಾಲು ಜನರಿಗೆ ಲಿವರಿನಲ್ಲಿ ಕೊಬ್ಬು ಇದ್ದೇ ಇರುತ್ತದೆ, ಹಾಗಾಗಿ ಅದನ್ನು ಇದೆ ಎಂದೇ ಇಟ್ಟುಕೊಂಡು ಮುಂದಿನ ಪ್ರಶ್ನೆಗೆ ಹೋಗುವುದು ಲೇಸು. ಕೊಬ್ಬಿನ ಪ್ರಮಾಣ ಎಷ್ಟು ಎಂಬುದು ನಿಜಕ್ಕೂ ಬೇಕಿದ್ದರೆ ಅದಕ್ಕೆ ಎಂಆರ್‌ಐ ಇದೆ; ರಕ್ತದಿಂದ ಆ ಅಳತೆ ಸಿಗುವುದಿಲ್ಲ.

ಕಲೆಯನ್ನು ಅಂದಾಜಿಸುವ ಸೂತ್ರಗಳಲ್ಲೂ ಇದೇ ಗೋಳು. ಬಾರ್ಡ್ ಅಂಕದಲ್ಲಿ ಬಿಎಂಐ 28 ಅಥವಾ ಹೆಚ್ಚಿದ್ದರೆ ಒಂದು ಅಂಕ, ಮಧುಮೇಹಕ್ಕೆ ಒಂದು, ಎಎಸ್‌ಟಿ-ಎಎಲ್‌ಟಿ ಅನುಪಾತ 0.8 ಮುಟ್ಟಿದರೆ ಎರಡು. ಒಟ್ಟು ಎರಡಾದರೆ ಮುಂದುವರಿದ ಫೈಬ್ರೋಸಿಸ್‌ನ ಅನುಮಾನ. ಬೊಜ್ಜೂ ಮಧುಮೇಹವೂ ಇರುವವರು ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ಅನುಮಾನಿತರ ಸಾಲಿನಲ್ಲಿ ನಿಂತಿರುತ್ತಾರೆ.

ಎನ್‌ಎಫ್‌ಎಸ್ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅದು 2007ರಿಂದ ಗೌರವದಿಂದ ಬಳಕೆಯಲ್ಲಿರುವ ಅಂಕ. ವಯಸ್ಸು, ಬಿಎಂಐ, ಸಕ್ಕರೆ, ಎಎಸ್‌ಟಿ-ಎಎಲ್‌ಟಿ ಅನುಪಾತ, ಪ್ಲೇಟ್‌ಲೆಟ್, ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನು, ಆರೂ ಇದರಲ್ಲಿವೆ. ಮೈನಸ್ 1.455ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ, 0.676ಕ್ಕಿಂತ ಮೇಲಿದ್ದರೆ ಮುಂದುವರಿದ ಕಲೆಯ ಸಾಧ್ಯತೆ, ನಡುವೆ ಅನಿಶ್ಚಿತ ವಲಯ. ಐವತ್ತು ವರ್ಷದ, ಮಧುಮೇಹವಿಲ್ಲದ ಒಬ್ಬರ ಅನುಪಾತ 0.9, ಪ್ಲೇಟ್‌ಲೆಟ್ 240 ಸಾವಿರ, ಆಲ್ಬುಮಿನ್ 4.2 ಎಂದಿಟ್ಟುಕೊಳ್ಳಿ. ಬಿಎಂಐ 27 ಇದ್ದರೆ ಅಂಕ ಮೈನಸ್ 2.29, ನಿಶ್ಚಿಂತೆಯ ವಲಯ. ಅದೇ ರಕ್ತಕ್ಕೆ ಬಿಎಂಐ 44 ಎಂದು ಬರೆದರೆ ಮೈನಸ್ 0.69, ಅನಿಶ್ಚಿತ. ಬಿಎಂಐ 48 ಮಾಡಿ ಮಧುಮೇಹವನ್ನೂ ಸೇರಿಸಿದರೆ 0.82, ಅಪಾಯದ ವಲಯ. ಲಿವರಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಖ್ಯೆಯೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ತೂಕ ಇಳಿಸಿಕೊಂಡವರಲ್ಲಿ ಇದೇ ಆಟ ತಿರುಗುಮುರುಗಾಗುತ್ತದೆ: ಕಲೆ ಒಂದಿನಿತೂ ಕರಗದಿದ್ದರೂ ಅಂಕ ಇಳಿದು, ಲಿವರ್ ಸುಧಾರಿಸಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಫಿಬ್-4: ಮೊದಲ ಜರಡಿ

ಫಿಬ್-4ರಲ್ಲಿ ತೂಕವಿಲ್ಲ. ಬೊಜ್ಜಿರುವವರ ಮಟ್ಟಿಗೆ ಅದರ ದೊಡ್ಡ ಗುಣ ಅದೇ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಇನ್ನೊಂದೆಡೆ, ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ, 2.67ಕ್ಕಿಂತ ಹೆಚ್ಚಾದರೆ ತಜ್ಞರನ್ನು ನೋಡಲೇಬೇಕು.

ಈ ನಾಲ್ಕೇ ಯಾಕೆ? ಕಲೆ ಬೆಳೆಯಲು ವರ್ಷಗಳು ಬೇಕು, ಆದ್ದರಿಂದ ವಯಸ್ಸು. ಲಿವರಿನಲ್ಲಿ ಕಲೆ ಹೆಚ್ಚಿದಂತೆ ಎಎಸ್‌ಟಿ ಎಎಲ್‌ಟಿಯನ್ನು ಹಿಂದಿಕ್ಕುತ್ತದೆ. ಬಿಗಿಯಾದ ಲಿವರಿನ ಮೂಲಕ ರಕ್ತ ಹರಿಯಲು ತಿಣುಕಿದಾಗ ಹಿಂದಿನ ಒತ್ತಡದಿಂದ ಗುಲ್ಮ ಹಿಗ್ಗಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ತಯಾರಿಕೆಗೆ ಪ್ರಚೋದನೆ ಕೊಡುವ ಹಾರ್ಮೋನನ್ನು ತಯಾರಿಸುವುದೂ ಲಿವರೇ; ಆ ತಯಾರಿಕೆಯೂ ಕುಗ್ಗುತ್ತದೆ. ಸ್ವಾರಸ್ಯವೆಂದರೆ, 2006ರಲ್ಲಿ ಈ ಸೂತ್ರ ಹುಟ್ಟಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದವರಿಗಾಗಿ. ಫ್ಯಾಟಿ ಲಿವರಿಗೆ ಅದು ಎರವಲು ಬಂದದ್ದು.

ಎಎಸ್‌ಟಿ 38, ಎಎಲ್‌ಟಿ 38, ಪ್ಲೇಟ್‌ಲೆಟ್ 230 ಸಾವಿರ ಇರುವ 52 ವರ್ಷದವರನ್ನು ನೋಡಿ. ಬಹಳಷ್ಟು ವರದಿಗಳಲ್ಲಿ ಈ ಮೂರಕ್ಕೂ ‘ಸಹಜ’ ಎಂದೇ ಇರುತ್ತದೆ. ಫಿಬ್-4 ಮಾತ್ರ 1.39. ಒಂದೊಂದಾಗಿ ನೋಡಿದರೆ ಕಣ್ಣು ತಪ್ಪಿಸಿಕೊಳ್ಳುವ ಸುಳಿವುಗಳನ್ನು ಒಟ್ಟುಗೂಡಿಸಿ ತೋರಿಸುವುದೇ ಇದರ ಕೆಲಸ, ಅದೂ ಈಗಾಗಲೇ ಕೈಯಲ್ಲಿರುವ ವರದಿಯಿಂದ.

ದೋಷಗಳೂ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ವಯಸ್ಸಿನಿಂದಲೇ ಹುಟ್ಟುತ್ತವೆ. ಎಎಸ್‌ಟಿ 28, ಎಎಲ್‌ಟಿ 22, ಪ್ಲೇಟ್‌ಲೆಟ್ 210 ಸಾವಿರ ಇರುವ 68 ವರ್ಷದವರಿಗೆ ಅಂಕ 1.93 ಬರುತ್ತದೆ. ಕಾಯಿಲೆಗಿಂತ ಹೆಚ್ಚಾಗಿ ಅದು ಅವರ ಜನ್ಮದಿನಗಳ ಲೆಕ್ಕ. ಅದಕ್ಕೇ 65 ದಾಟಿದವರಿಗೆ ಕೆಳಗಿನ ಗಡಿಯನ್ನು 1.3ರ ಬದಲು 2.0 ಎಂದು ಇಟ್ಟುಕೊಳ್ಳುತ್ತಾರೆ. ಎದುರು ತುದಿಯಲ್ಲಿ, 30 ವರ್ಷದ, ಎಎಸ್‌ಟಿ 45, ಎಎಲ್‌ಟಿ 80, ಪ್ಲೇಟ್‌ಲೆಟ್ 280 ಸಾವಿರ ಇರುವವರಿಗೆ ಬರುವ ಅಂಕ 0.54. ಎಎಲ್‌ಟಿ ಮೇಲ್ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿದೆ, ಆದರೆ ಅಂಕ ನಿಶ್ಚಿಂತೆಯಿಂದಿರಿ ಎನ್ನುತ್ತದೆ. 35ಕ್ಕಿಂತ ಚಿಕ್ಕವರಲ್ಲಿ ಫಿಬ್-4ರ ಭರವಸೆಗೆ ಹೆಚ್ಚು ಬೆಲೆ ಕೊಡಬಾರದು. ಚಿಕ್ಕ ವಯಸ್ಸಿನಲ್ಲೇ ಬೊಜ್ಜು ಬಂದವರ ಸಂಖ್ಯೆ ಹೆಚ್ಚುತ್ತಿರುವಾಗ ಇದನ್ನು ಸಣ್ಣ ಕೊರತೆ ಎನ್ನಲಾಗದು.

ಇನ್ನೊಂದು ಮಿತಿಯನ್ನು ಬಿಚ್ಚಿ ಹೇಳಬೇಕು. 35 ದಾಟಿದವರಲ್ಲಿ ಫಿಬ್-4 ‘ಇಲ್ಲ’ ಎಂದರೆ ಬಹುಮಟ್ಟಿಗೆ ನಂಬಬಹುದು, ‘ಇದೆ’ ಎಂದರೆ ಖಚಿತಪಡಿಸಿಕೊಳ್ಳಬೇಕು. 1.3 ದಾಟಿದವರಲ್ಲಿ ದೊಡ್ಡ ಪಾಲಿನವರಿಗೆ ಮುಂದಿನ ಪರೀಕ್ಷೆಯಲ್ಲಿ ಗಂಭೀರ ಕಲೆ ಕಾಣುವುದಿಲ್ಲ. ಅದು ಕಾಳು ಜೊಳ್ಳನ್ನು ಬೇರ್ಪಡಿಸುವ ಮೊದಲ ಜರಡಿ ಅಷ್ಟೇ, ರೋಗನಿರ್ಣಯವಲ್ಲ. ಎಫ್2 ಹಂತವನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ.

ಎಪಿಆರ್‌ಐ ಕೂಡ ತೂಕವಿಲ್ಲದ ಅಂಕ, ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಎರಡೇ ಸಾಕು. ಆದರೆ ಫ್ಯಾಟಿ ಲಿವರಿನಲ್ಲಿ ಅದು ಫಿಬ್-4ಕ್ಕಿಂತ ಹಿಂದೆಯೇ ಉಳಿದಿದೆ. ಎರಡನ್ನೂ ಲೆಕ್ಕ ಹಾಕಿ ಗೊಂದಲ ಮಾಡಿಕೊಳ್ಳುವ ಅಗತ್ಯವಿಲ್ಲ.

ಇಎಲ್‌ಎಫ್: ಎರಡನೇ ಹೆಜ್ಜೆ

ಇಲ್ಲಿಯವರೆಗಿನವು ಪರೋಕ್ಷ ಸೂಚಕಗಳು. ಇಎಲ್‌ಎಫ್ ನೇರವಾಗಿ ಕಲೆಯ ಕಾರ್ಖಾನೆಯನ್ನೇ ನೋಡುತ್ತದೆ. ಹಯಲುರೋನಿಕ್ ಆಮ್ಲ, ಕಲೆಯ ನಾರಾದ ಮೂರನೇ ಬಗೆಯ ಕೊಲಾಜನ್ ಕಟ್ಟುವಾಗ ಕಳಚಿಬೀಳುವ ತುಣುಕು, ಮತ್ತು ಕಲೆಯನ್ನು ಕರಗಿಸುವ ಕಿಣ್ವಗಳಿಗೆ ಅಡ್ಡಗಾಲು ಹಾಕುವ ಟಿಂಪ್-1 ಎಂಬ ಪ್ರೋಟೀನು, ಈ ಮೂರನ್ನು ಅಳೆದು ಒಂದು ಅಂಕ ಕೊಡುತ್ತದೆ. 7.7ಕ್ಕಿಂತ ಕಡಿಮೆಯಾದರೆ ಗಂಭೀರ ಕಲೆ ಇರಲಾರದು, 9.8 ಮುಟ್ಟಿದರೆ ಮುಂದುವರಿದ ಹಂತದ ಅನುಮಾನ, 11.3 ದಾಟಿದರೆ ಸಿರೋಸಿಸ್ ಮತ್ತು ಅದರ ತೊಡಕುಗಳ ಅಪಾಯ ಹೆಚ್ಚು. 2021ರಲ್ಲಿ ಅಮೆರಿಕದ ನಿಯಂತ್ರಕರು ಇದಕ್ಕೆ ಅನುಮತಿ ಕೊಟ್ಟಿದ್ದು, ಮುಂದುವರಿದ ಕಲೆ ಈಗಾಗಲೇ ಇರುವವರಲ್ಲಿ ಕಾಯಿಲೆ ಮುಂದೆ ಹೇಗೆ ಸಾಗಬಹುದು ಎಂದು ಅಂದಾಜಿಸಲು.

ಎರಡನೇ ಹೆಜ್ಜೆಗೆ ಸಾಮಾನ್ಯ ಆಯ್ಕೆ ಎಲಾಸ್ಟೋಗ್ರಫಿ, ಅಂದರೆ ಕಂಪನದ ಅಲೆ ಕಳುಹಿಸಿ ಲಿವರಿನ ಬಿಗಿತ ಅಳೆಯುವ ಸ್ಕ್ಯಾನ್. 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಮುಂದುವರಿದ ಕಲೆಯ ಚಿಂತೆ ಬಹುಪಾಲು ದೂರ. ಆದರೆ ಚರ್ಮದಡಿಯ ಕೊಬ್ಬಿನ ಪದರ ದಪ್ಪವಾಗಿದ್ದರೆ ಅಲೆ ಲಿವರಿಗೆ ಸರಿಯಾಗಿ ತಲುಪುವುದಿಲ್ಲ. ಬೊಜ್ಜಿರುವವರಿಗೆಂದೇ ದೊಡ್ಡ ಪ್ರೋಬ್ ಇದೆ, ಅದರಿಂದ ಬಹಳಷ್ಟು ಪರಿಹಾರವಾಗಿದೆ. ಆದರೂ ಹೊಟ್ಟೆಯ ಭಾಗ ತೀರಾ ದಪ್ಪವಿದ್ದವರಲ್ಲಿ ಅಳತೆ ಕೈಕೊಡುತ್ತದೆ, ಅಥವಾ ಸಂಖ್ಯೆಗಳು ಒಂದಕ್ಕೊಂದು ಹೊಂದದೆ ಬರುತ್ತವೆ. ಇಲ್ಲಿಯೇ ಇಎಲ್‌ಎಫ್ ಗೆಲ್ಲುತ್ತದೆ. ರಕ್ತನಾಳ ಸಿಕ್ಕರೆ ಸಾಕು, ಹೊಟ್ಟೆಯ ದಪ್ಪ ಅದಕ್ಕೆ ಅಡ್ಡಿಯಲ್ಲ. ಒಳ್ಳೆಯ ಸ್ಕ್ಯಾನ್ ಲಭ್ಯವಿದ್ದು, ಅಳತೆ ವಿಶ್ವಾಸಾರ್ಹವಾಗಿ ಬರುವಂತಿದ್ದರೆ ನನ್ನ ಮೊದಲ ಆಯ್ಕೆ ಸ್ಕ್ಯಾನ್. ಬಿಎಂಐ ಬಹಳ ಹೆಚ್ಚಿದ್ದು ಒಮ್ಮೆ ಅಳತೆ ವಿಫಲವಾಗಿದ್ದರೆ ಮತ್ತೆ ಮತ್ತೆ ಪ್ರಯತ್ನಿಸುವ ಬದಲು ಇಎಲ್‌ಎಫ್.

ಇಎಲ್‌ಎಫ್‌ಗೂ ಮೋಸಹೋಗುವ ಜಾಗಗಳಿವೆ. ಅದಕ್ಕೆ ಲಿವರಿನ ಕಲೆ ಬೇರೆ, ದೇಹದ ಇನ್ನೆಲ್ಲೋ ಇರುವ ಕಲೆ ಬೇರೆ ಎಂಬ ವಿವೇಚನೆಯಿಲ್ಲ. ರುಮಟಾಯ್ಡ್ ಸಂಧಿವಾತವಿದ್ದರೆ ಹಯಲುರೋನಿಕ್ ಆಮ್ಲ ಏರಿರಬಹುದು. ವಯಸ್ಸಾದಂತೆ ಅಂಕ ಏರುತ್ತದೆ, ಊಟವಾದ ಮೇಲೂ ಆ ಆಮ್ಲ ಏರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದು ಒಳ್ಳೆಯದು. ಪ್ರೊ-ಸಿ3 ಎಂಬುದು ಇದೇ ಕೊಲಾಜನ್ ತಯಾರಿಕೆಯನ್ನು ಇನ್ನಷ್ಟು ನಿಖರವಾಗಿ ಹಿಡಿಯುವ ಸೂಚಕ. ಸಂಶೋಧನೆಯಲ್ಲಿ ಚೆನ್ನಾಗಿ ಹೆಸರು ಮಾಡಿದೆ, ದಿನನಿತ್ಯದ ಚಿಕಿತ್ಸೆಯಲ್ಲಿ ಇನ್ನೂ ನೆಲೆಯೂರಿಲ್ಲ.

ಉರಿಯೂತದ ಪರೀಕ್ಷೆಗಳು, ಜೀನ್ ಪರೀಕ್ಷೆ

ಎರಡನೇ ಪ್ರಶ್ನೆಗೆ ರಕ್ತ ಇನ್ನೂ ಸರಿಯಾಗಿ ಉತ್ತರಿಸುತ್ತಿಲ್ಲ. ಜೀವಕೋಶ ಸಾಯುವಾಗ ಸೋರುವ ಸಿಕೆ-18 ತುಣುಕುಗಳ ಮೇಲೆ ದೊಡ್ಡ ನಿರೀಕ್ಷೆಯಿತ್ತು. ಎಲ್ಲರೂ ಒಪ್ಪುವ ಗಡಿಸಂಖ್ಯೆ ಸಿಗಲಿಲ್ಲ, ಮ್ಯಾಶ್ ಇರುವ ಎಷ್ಟೋ ಜನರನ್ನು ಅದು ಬಿಟ್ಟುಬಿಡುತ್ತದೆ. ಎನ್‌ಐಎಸ್4 ಎಂಬ ಹೊಸ ಸಮೂಹ ಪರೀಕ್ಷೆ ಒಂದು ಮೈಕ್ರೋ ಆರ್‌ಎನ್‌ಎ, ಎರಡು ಪ್ರೋಟೀನುಗಳು ಮತ್ತು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಸೇರಿಸಿ, ಉರಿಯೂತವೂ ಕಲೆಯೂ ಇರುವವರನ್ನು ಹುಡುಕುತ್ತದೆ. ಅದರಲ್ಲಿ ತೂಕವಿಲ್ಲ ಎಂಬುದು ಮೆಚ್ಚತಕ್ಕದ್ದು. ಆದರೂ ಫಿಬ್-4 ನೋಡದೆ ಇಂಥವುಗಳಿಗೆ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪಾಂತರ ಫ್ಯಾಟಿ ಲಿವರಿನ ಅಪಾಯ ಹೆಚ್ಚಿಸುತ್ತದೆ ಎಂಬುದು 2008ರಲ್ಲೇ ಗೊತ್ತಾಯಿತು. ಬೊಜ್ಜು ಸೇರಿದರೆ ಅದರ ಪರಿಣಾಮ ಇನ್ನೂ ಹಿಗ್ಗುತ್ತದೆ. ಆದರೆ ಜೀನ್ ಪರೀಕ್ಷೆ ಹೇಳುವುದು ಒಲವನ್ನು; ಲಿವರಿನ ಇಂದಿನ ಸ್ಥಿತಿಯನ್ನಲ್ಲ. ಫಲಿತಾಂಶದಿಂದ ಚಿಕಿತ್ಸೆಯೂ ಸದ್ಯಕ್ಕೆ ಬದಲಾಗುವುದಿಲ್ಲ.

ಯಾರಿಗೆ ಯಾವುದು

35ರಿಂದ 65ರೊಳಗಿನವರಿಗೆ ದಾರಿ ಸರಳ: ಫಿಬ್-4 ಲೆಕ್ಕ ಹಾಕಿ. 1.3ಕ್ಕಿಂತ ಕಡಿಮೆಯಿದ್ದು ಮಧುಮೇಹ ಅಥವಾ ಅದರ ಹೊಸ್ತಿಲಲ್ಲಿರುವ ಸಕ್ಕರೆ ಇದ್ದರೆ, ಇಲ್ಲವೇ ಬೊಜ್ಜಿನ ಜೊತೆಗೆ ರಕ್ತದೊತ್ತಡದಂಥ ಇನ್ನೊಂದು ತೊಂದರೆಯಿದ್ದರೆ, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿ; ಇವೇನೂ ಇಲ್ಲದಿದ್ದರೆ ಎರಡು-ಮೂರು ವರ್ಷಕ್ಕೊಮ್ಮೆ. 1.3ರಿಂದ 2.67ರ ನಡುವೆ ಬಂದರೆ ಎಲಾಸ್ಟೋಗ್ರಫಿ ಅಥವಾ ಇಎಲ್‌ಎಫ್. ಅದಕ್ಕೂ ಮೇಲಾದರೆ ನೇರವಾಗಿ ಲಿವರ್ ತಜ್ಞರ ಬಳಿಗೆ.

35ರ ಒಳಗಿನವರಲ್ಲಿ ಎಎಲ್‌ಟಿ ಏರಿಯೇ ಇದ್ದರೆ, ಅದರಲ್ಲೂ ಮಧುಮೇಹವಿದ್ದರೆ, ಫಿಬ್-4 ಏನೇ ಹೇಳಲಿ, ಎರಡನೇ ಹೆಜ್ಜೆಗೆ ಹೋಗುವ ಬಗ್ಗೆ ವೈದ್ಯರನ್ನು ಕೇಳುವುದು ಸರಿ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಲ್ಲಿ ಫಿಬ್-4ರ ನಿಖರತೆ ಸಾಧಾರಣ. ಅಲ್ಲಿ ಗೊತ್ತಾಗದೆ ಉಳಿದ ಸಿರೋಸಿಸ್ ಶಸ್ತ್ರಚಿಕಿತ್ಸೆಯ ಅಪಾಯವನ್ನೇ ಬದಲಾಯಿಸುವುದರಿಂದ ಒಂದೇ ಅಂಕವನ್ನು ನೆಚ್ಚಿಕೊಳ್ಳಬಾರದು. ಅಂಥ ವೇಳೆ ಎರಡು ಪರೀಕ್ಷೆಗಳು ಪರಸ್ಪರ ವಿರುದ್ಧ ಹೇಳಿದರೆ ಬಯಾಪ್ಸಿ, ಅಂದರೆ ಲಿವರಿನ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆ, ಬೇಕಾಗಬಹುದು. ಬಯಾಪ್ಸಿಯೂ ಲಿವರಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲನ್ನು ಮಾತ್ರ ನೋಡುತ್ತದೆ ಎಂಬುದು ನೆನಪಿರಲಿ.

ತೂಕ ಇಳಿಸುತ್ತಿರುವವರು ಎನ್‌ಎಫ್‌ಎಸ್, ಎಫ್‌ಎಲ್‌ಐಗಳಿಂದ ಪ್ರಗತಿ ಅಳೆಯಬಾರದು, ಕಾರಣ ಮೇಲೆ ಹೇಳಿಯಾಗಿದೆ. ಎಎಲ್‌ಟಿ ಇಲ್ಲಿ ತನ್ನ ಮರ್ಯಾದೆ ಮರಳಿ ಪಡೆಯುತ್ತದೆ: 17 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅಂಗಾಂಶದ ಮಟ್ಟದಲ್ಲೂ ಸುಧಾರಣೆ ಆಗಿರುವ ಸಾಧ್ಯತೆ ಹೆಚ್ಚು. ಬಹಳ ವೇಗವಾಗಿ ತೂಕ ಇಳಿಯುವಾಗ ಕಿಣ್ವಗಳು ತಾತ್ಕಾಲಿಕವಾಗಿ ಏರಬಹುದು, ಹಾಗಾಗಿ ಆ ವಾರಗಳ ವರದಿಯಿಂದ ತೀರ್ಮಾನಕ್ಕೆ ಬರುವುದು ಬೇಡ. ಶೇ 5ರಷ್ಟು ತೂಕ ಇಳಿದರೆ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ, ಶೇ 7ರಿಂದ 10ರಷ್ಟಕ್ಕೆ ಉರಿಯೂತ ತಗ್ಗುತ್ತದೆ. ಕಲೆ ಕರಗಬೇಕಾದರೆ ಸಾಮಾನ್ಯವಾಗಿ ಶೇ 10ಕ್ಕೂ ಹೆಚ್ಚು ಇಳಿಯಬೇಕು, ಅದಕ್ಕೆ ಕಾಲವೂ ಬೇಕು.

ಈ ಯಾವ ಅಂಕವೂ ಹೆಪಟೈಟಿಸ್ ಬಿ, ಸಿ ಇಲ್ಲವೆಂದು ಹೇಳುವುದಿಲ್ಲ. ಅವನ್ನು ಬೇರೆಯಾಗಿ ಪರೀಕ್ಷಿಸಬೇಕು. ಮದ್ಯದ ಲೆಕ್ಕವನ್ನು ವೈದ್ಯರಿಗೆ ಸರಿಯಾಗಿ ಕೊಡಿ, ಏಕೆಂದರೆ ಅದು ಎಎಸ್‌ಟಿಯನ್ನೂ ಜಿಜಿಟಿಯನ್ನೂ ಏರಿಸುತ್ತದೆ. ಡೆಂಗಿಯಂಥ ಜ್ವರ ಬಂದು ಪ್ಲೇಟ್‌ಲೆಟ್ ಕುಸಿದಿರುವಾಗ ಫಿಬ್-4 ಲೆಕ್ಕ ಹಾಕಿದರೆ ಸುಳ್ಳು ಅಪಾಯ ಕಾಣುತ್ತದೆ; ಹಿಂದಿನ ದಿನ ಭಾರಿ ವ್ಯಾಯಾಮ ಮಾಡಿದ್ದರೆ ಸ್ನಾಯುವಿನಿಂದ ಸೋರಿದ ಎಎಸ್‌ಟಿ ಅದೇ ಕೆಲಸ ಮಾಡುತ್ತದೆ. ಲಿವರ್ ಪರೀಕ್ಷೆಯ ಪಟ್ಟಿಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಸಾಮಾನ್ಯವಾಗಿ ಇರುವುದಿಲ್ಲ, ಅದು ಸಿಬಿಸಿ ಎಂಬ ರಕ್ತಕಣಗಳ ಎಣಿಕೆಯಲ್ಲಿ ಬರುತ್ತದೆ. ಎರಡನ್ನೂ ಒಂದೇ ದಿನ, ಒಂದೇ ಸಲ ರಕ್ತ ಕೊಟ್ಟು ಮಾಡಿಸಿಕೊಳ್ಳಿ.